ಎರೆಗೂ ಗರಸಿಗೂ ಒಂದೇ ಆಗರ್ ಬಿಟ್ ಸಾಕಾ?

ಪ್ರಶ್ನೆ: ಗದಗ ತಾಲೂಕಿನಲ್ಲಿ ನಮ್ಮ ಹೊಲ. ಕೆಳಗಿನ ಅರ್ಧ ಎರೆ (ಜಿಗುಟು ಕಪ್ಪು ಮಣ್ಣು), ಮೇಲಿನ ದಿಬ್ಬ ಪೂರಾ ಗರಸು (ಹರಳುಕಲ್ಲಿನ ಗಟ್ಟಿ ನೆಲ). ತಂತಿ ಬೇಲಿಗೆ ಕಲ್ಲುಕಂಬ ನೆಡಬೇಕು. ಹಿಟಾಚಿಗೆ ಆಗರ್ (ನೆಲ ಕೊರೆಯುವ ಸಾಧನ; ಅದರ ಹಲ್ಲಿರುವ ಸುರುಳಿಯೇ ಬಿಟ್) ಜೋಡಿಸಿ ಗುಂಡಿ ತೋಡುವವರು "ಕಲ್ಲಿನ ಬಿಟ್ ಹಾಕಿದ್ರ ಎಲ್ಲಾ ಕಡೆ ನಡೀತದ ರೀ" ಅನ್ನುತ್ತಾರೆ. ನಂಬಬಹುದಾ?

ಉತ್ತರ: ಗರಸಿನ ಮಟ್ಟಿಗೆ ನಂಬಿ. ಎರೆಯಲ್ಲಿ ಬೇಡ.

ಗಟ್ಟಿ ನೆಲ ಕೊರೆಯುವುದು ಮೆತ್ತಗಿನ ನೆಲ ಕೊರೆಯದೇ ಇರುತ್ತದಾ ಅನ್ನಿಸುತ್ತದೆ, ಅಲ್ವಾ? ಆದರೆ ಮಣ್ಣಿನ ಬಿಟ್, ಕಲ್ಲಿನ ಬಿಟ್ ಎರಡರ ಕೆಲಸವೇ ಬೇರೆ. ಮಣ್ಣಿನ ಬಿಟ್‌ಗೆ ಚಪ್ಪಟೆ ಹಲ್ಲು. ಉಳಿ ಹೆರೆದ ಹಾಗೆ ಮಣ್ಣು ಹೆರೆದು ಸುರುಳಿಯ ಮೇಲೆ ಹತ್ತಿಸುತ್ತದೆ. ಕಲ್ಲಿನ ಬಿಟ್‌ಗೆ ಬುಲೆಟ್ ಆಕಾರದ ಹಲ್ಲು, ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಅನ್ನುವ ಬಲು ಗಟ್ಟಿ ವಸ್ತು. ಅದು ಹೆರೆಯುವುದಿಲ್ಲ, ಕೆರೆದು ಪುಡಿ ಮಾಡುತ್ತದೆ. ಜಿಗುಟು ಮಣ್ಣನ್ನು ಪುಡಿ ಮಾಡೋದು ಹೇಗೆ? ಸುಮ್ನೆ ಕಲಸುತ್ತಾ ನಿಲ್ಲುತ್ತದೆ.

ಇನ್ನೊಂದು ತೊಂದರೆ ಇದೆ. ಬುಲೆಟ್ ಹಲ್ಲು ತನ್ನ ಗೂಡಿನಲ್ಲಿ ತಾನೇ ತಿರುಗುತ್ತಿರಬೇಕು. ಆಗಲೇ ಸುತ್ತಲೂ ಸಮನಾಗಿ ಸವೆಯುವುದು. ಗೂಡಿಗೆ ಎರೆ ಮೆತ್ತಿ ಒಣಗಿದರೆ ಹಲ್ಲು ಕಚ್ಚಿಕೊಳ್ಳುತ್ತದೆ. ಅದೇ ಬಿಟ್ ಮತ್ತೆ ಗರಸಿಗೆ ಹೋದಾಗ ಒಂದೇ ಮಗ್ಗುಲು ಸವೆದು ಮೊಂಡಾಗುತ್ತದೆ. ನಷ್ಟ ಅವರಿಗೇ. ಬಿಟ್ ಬದಲಿಸುವುದು ಒಂದೆರಡು ಪಿನ್ ಕಿತ್ತು ಹಾಕುವ ಕೆಲಸ. ದಿಬ್ಬ ಮುಗಿಸಿ ಕೆಳಗಿಳಿಯುವಾಗ ಬದಲಿಸಿ ಅಂತ ಧೈರ್ಯವಾಗಿ ಕೇಳಿ. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುವವರು ನೀವು.

ಮಣ್ಣಿನ ಬಿಟ್ ಹಾಕಿದರೂ ಎರೆ ಸುಲಭಕ್ಕೆ ಬಗ್ಗುವುದಿಲ್ಲ. ಹಸಿ ಇದ್ದರೆ ಸುರುಳಿಗೆ ಅಂಟುತ್ತದೆ, ಬಿಸಿಲಿಗೆ ಒಣಗಿದರೆ ಕಲ್ಲಿನಂತಾಗಿ ಬಿರಿಯುತ್ತದೆ. ನಡುವಿನ ಹದ ನೋಡಿ ಕರೆಸಿ. ನಾನು ಒಮ್ಮೆ ಮಳೆ ಬಿದ್ದ ಮೂರನೇ ದಿನವೇ ಅವಸರ ಮಾಡಿದ್ದೆ. ಆಪರೇಟರ್ ಒಂದೇ ದಮ್ಮಿಗೆ ಮೂರು ಅಡಿ ಇಳಿಸಿದ. ಬಿಟ್ ಸ್ಕ್ರೂ ಹಾಗೆ ನೆಲದೊಳಗೆ ಕೂತುಬಿಟ್ಟಿತು. ಬೂಮ್‌ನಿಂದ (ಹಿಟಾಚಿಯ ತೋಳಿನಿಂದ) ಜಗ್ಗಿದರೆ ಶಾಫ್ಟ್ ಬಾಗುತ್ತದೆ ಅಂತ ಕೂಗಿ ನಿಲ್ಲಿಸಿದೆ. ಉಲ್ಟಾ ತಿರುಗಿಸಿದ ಮೇಲೆ ಬಂತು. ಒಂದೊಂದು ಅಡಿ ಇಳಿಸಿ, ಮೇಲೆತ್ತಿ, ಗಿರ್ರನೆ ತಿರುಗಿಸಿ ಮಣ್ಣು ಕೊಡವುವುದೇ ಸರಿಯಾದ ಕ್ರಮ.

ಮಣ್ಣು, ಗರಸು ಬೆರೆತ ಕಡೆಗೆ ಮೂರನೇ ಬಗೆಯೂ ಇದೆ: ಚಪ್ಪಟೆ ಹಲ್ಲೇ, ಆದರೆ ತುದಿಗೆ ಕಾರ್ಬೈಡ್ ಕೂರಿಸಿದ್ದು. ನಿಮ್ಮ ಹೊಲದ ನಡುವಿನ ಪಟ್ಟಿಗೆ ಅದು ಸಿಕ್ಕರೆ ಒಳ್ಳೆಯದು.

ಬಿಟ್ ಆರಿಸುವ ಮೊದಲು ಕಂಬದ ಸಾಲಿನಲ್ಲಿ ಅಲ್ಲಲ್ಲಿ ಹಾರೆ ಹಾಕಿ ನೋಡಿ. ಸಲೀಸಾಗಿ ಇಳಿದರೆ ಮಣ್ಣಿನ ಬಿಟ್. ಹರಳು ಹರಳಾಗಿ ಉದುರಿದರೆ ಗರಸು, ಕಾರ್ಬೈಡ್ ಬೇಕು. ಖಣ್ ಅಂದು ಹಾರೆ ಪುಟಿದರೆ ಗಟ್ಟಿ ಬಂಡೆ. ಕಪ್ಪತಗುಡ್ಡದ ಕಡೆಯ ಹೊಲದವರಿಗೆ ಇದು ಚೆನ್ನಾಗಿ ಗೊತ್ತು. ಅಂಥ ಬಂಡೆಗೆ ಯಾವ ಆಗರ್ ಹಾಕಿದರೂ ಹಲ್ಲು ಹಾಳು. ಬಂಡೆ ಒಡೆಯುವ ಬ್ರೇಕರ್ ತರಿಸಿ, ಇಲ್ಲಾ ಕಂಬವನ್ನೇ ಎರಡು ಅಡಿ ಆಚೆ ಸರಿಸಿ. ಮಣ್ಣಿನಲ್ಲಿ ಹೂತ ಗುಂಡುಕಲ್ಲು ಇನ್ನೂ ಕಾಟ. ಬಿಟ್ ಅದಕ್ಕೆ ತಾಗಿ ಪಕ್ಕಕ್ಕೆ ಜಾರುತ್ತದೆ, ಗುಂಡಿ ಓರೆಯಾಗುತ್ತದೆ. ಅಂಥ ಕಲ್ಲನ್ನು ಬಕೆಟ್‌ನಿಂದ ಎತ್ತಿಸಿ.

ಉಳಿದ ಬಾಡಿಗೆಯಲ್ಲಿ ಎರೆಗೆ ನಾಲ್ಕು ಮಾವಿನ ಗುಂಡಿಯನ್ನೂ ತೋಡಿಸುವ ಯೋಚನೆ ಇದ್ದರೆ, ಗುಂಡಿಯ ಗೋಡೆಯನ್ನು ಗುದ್ದಲಿಯಿಂದ ಕೆರೆದು ಒರಟು ಮಾಡಿ. ಹಸಿ ಎರೆಯಲ್ಲಿ ಆಗರ್ ಗೋಡೆಯನ್ನು ಗಾರೆ ಬಳಿದ ಹಾಗೆ ನುಣ್ಣಗೆ ಮಾಡಿರುತ್ತದೆ. ಬೇರು ಅದನ್ನು ದಾಟಲಾರದೆ ಒಳಗೇ ಸುತ್ತುತ್ತದೆ.