ಸಿಎ-125: ಪಾಸಿಟಿವ್ ವರದಿಯ ಹಿಂದಿನ ಲೆಕ್ಕ

ಪ್ರಾಸ್ಟೇಟ್‌ಗೆ ಪಿಎಸ್‌ಎ, ಯಕೃತ್ತಿಗೆ ಎಎಫ್‌ಪಿ, ದೊಡ್ಡ ಕರುಳಿಗೆ ಸಿಇಎ, ಅಂಡಾಶಯಕ್ಕೆ ಸಿಎ-125 ಎಂದು, ಯಾವ ಅಂಗದ ಕ್ಯಾನ್ಸರಿಗೆ ರಕ್ತದಲ್ಲಿ ಯಾವ ಪದಾರ್ಥವನ್ನು ಅಳೆಯುತ್ತಾರೆ ಎಂಬ ಪಟ್ಟಿ ಲ್ಯಾಬ್ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠವಾಗಿರುತ್ತದೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಮುಂಬೈಯಲ್ಲಿ ಲ್ಯಾಬ್ ಟೆಕ್ನಾಲಜಿ ಓದುತ್ತಿರುವ ನಮ್ಮ ಕನ್ನಡದ ಗುಂಪಿಗೆ ಮತ್ತೆ ಮತ್ತೆ ತೊಡಕಾದದ್ದು ಬೇರೆಯೇ ಪ್ರಶ್ನೆ: ಸಿಎ-125 ಪರೀಕ್ಷೆ ಅಷ್ಟು ಚೆನ್ನಾಗಿದ್ದರೆ ಎಲ್ಲ ಹೆಂಗಸರಿಗೂ ಅದನ್ನು ಏಕೆ ಮಾಡಬಾರದು?

ಸೆನ್ಸಿಟಿವಿಟಿ ಎಂದರೆ ರೋಗವಿರುವವರಲ್ಲಿ ಎಷ್ಟು ಮಂದಿಗೆ ಪಾಸಿಟಿವ್ ಬರುತ್ತದೆ ಎಂಬುದು. ಸ್ಪೆಸಿಫಿಸಿಟಿ ಎಂದರೆ ರೋಗವಿಲ್ಲದವರಲ್ಲಿ ಎಷ್ಟು ಮಂದಿಗೆ ನೆಗೆಟಿವ್ ಬರುತ್ತದೆ ಎಂಬುದು. ಆದರೆ ವರದಿ ಹಿಡಿದು ಬಂದ ಅಕ್ಕ ಕೇಳುವುದು ಇವೆರಡನ್ನೂ ಅಲ್ಲ. ಪಾಸಿಟಿವ್ ಬಂದಿದೆ, ನನಗೆ ರೋಗವಿದೆಯೇ ಎಂದು. ಇದಕ್ಕೆ ಉತ್ತರ ಹೇಳುವ ಪಿಪಿವಿ (ಪಾಸಿಟಿವ್ ಬಂದವರಲ್ಲಿ ನಿಜವಾಗಿ ರೋಗವಿರುವವರ ಪಾಲು), ಪರೀಕ್ಷೆಗೆ ಬಂದವರಲ್ಲಿ ರೋಗ ಎಷ್ಟು ಸಾಮಾನ್ಯ ಎಂಬುದನ್ನೂ ಅವಲಂಬಿಸಿರುತ್ತದೆ.

ಸೂತ್ರವನ್ನು ಬದಿಗಿಟ್ಟು ತಲೆ ಎಣಿಸುವುದೇ ಸುಲಭ. ಲೆಕ್ಕಕ್ಕಾಗಿ ಸೆನ್ಸಿಟಿವಿಟಿ ಶೇ. 90, ಸ್ಪೆಸಿಫಿಸಿಟಿ ಶೇ. 95 ಎಂದಿಟ್ಟುಕೊಳ್ಳೋಣ. ಯಾವ ತೊಂದರೆಯೂ ಇಲ್ಲದ 10,000 ಹೆಂಗಸರಲ್ಲಿ 10 ಮಂದಿಗೆ ರೋಗವಿದ್ದರೆ, ಅವರಲ್ಲಿ 9 ಮಂದಿ ಸಿಗುತ್ತಾರೆ. ಉಳಿದ 9,990 ಮಂದಿಯಲ್ಲಿ ಶೇ. 5ರಷ್ಟು, ಅಂದರೆ ಸುಮಾರು 500 ಮಂದಿಗೆ ರೋಗವಿಲ್ಲದೆಯೇ ಪಾಸಿಟಿವ್ ಬರುತ್ತದೆ. ಒಟ್ಟು 509 ಪಾಸಿಟಿವ್‌ಗಳಲ್ಲಿ ನಿಜವಾದವು 9, ಶೇ. 2ಕ್ಕಿಂತಲೂ ಕಡಿಮೆ. ಅದೇ ಪರೀಕ್ಷೆಯನ್ನು ಹೊಟ್ಟೆಯಲ್ಲಿ ಗಡ್ಡೆ ಕಂಡು ಆಸ್ಪತ್ರೆಗೆ ಬಂದ 1,000 ಹೆಂಗಸರಿಗೆ ಮಾಡಿ, ಅವರಲ್ಲಿ 200 ಮಂದಿಗೆ ರೋಗವಿದೆ ಎನ್ನಿ. ಈಗ ನಿಜವಾದ ಪಾಸಿಟಿವ್ 180, ಸುಳ್ಳು ಪಾಸಿಟಿವ್ 40, ಪಿಪಿವಿ ಶೇ. 82ರ ಹತ್ತಿರ. ಕಿಟ್ ಬದಲಾಗಿಲ್ಲ, ಬಂದ ಜನ ಬದಲಾಗಿದ್ದಾರೆ. ಪ್ರಶ್ನೆಪತ್ರಿಕೆಯಲ್ಲಿ ಇಂಥ ಲೆಕ್ಕ ಬಂದಾಗ ಮೊದಲು ರೋಗವಿರುವವರು, ಇಲ್ಲದವರು ಎಂದು ಎರಡು ಸಾಲು ಬರೆದುಕೊಂಡರೆ ದಾರಿ ತಪ್ಪುವುದಿಲ್ಲ.

ಸಿಎ-125ರ ರೂಢಿಯ ಮೇಲ್ಮಿತಿ ಪ್ರತಿ ಮಿಲಿಲೀಟರಿಗೆ 35 ಯೂನಿಟ್. ಮುಟ್ಟು, ಗರ್ಭಾವಸ್ಥೆ, ಎಂಡೊಮೆಟ್ರಿಯೊಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ), ಯಕೃತ್ತಿನ ಕಾಯಿಲೆ ಇವೆಲ್ಲವೂ ಸಿಎ-125 ಮಟ್ಟವನ್ನು ಏರಿಸಬಲ್ಲವು. ಹೊಟ್ಟೆಯ ಕ್ಷಯವನ್ನು ನಮ್ಮ ದೇಶದಲ್ಲಂತೂ ಮರೆಯಲೇಬಾರದು: ಹೊಟ್ಟೆಯಲ್ಲಿ ನೀರು, ತೂಕ ಇಳಿಕೆ, ಏರಿದ ಸಿಎ-125 ಸೇರಿದರೆ ಅದು ಅಂಡಾಶಯದ ಕ್ಯಾನ್ಸರಿನಂತೆಯೇ ಕಾಣುತ್ತದೆ. ಹೀಗಾಗಿ ಬಯಾಪ್ಸಿಯ (ಅಂಗಾಂಶದ ತುಣುಕು ತೆಗೆದು ನೋಡುವ ಪರೀಕ್ಷೆಯ) ಸ್ಥಾನವನ್ನು ಈ ಸಂಖ್ಯೆ ತುಂಬಲಾರದು.

ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಸ್ಕ್ರೀನಿಂಗ್ (ತೊಂದರೆ ಇಲ್ಲದವರಲ್ಲೂ ರೋಗ ಹುಡುಕುವ ತಪಾಸಣೆ) ಅಧ್ಯಯನದ 2021ರ ಫಲಿತಾಂಶದಲ್ಲಿ, ಸಿಎ-125 ಅಳೆಯುತ್ತ ಬಂದರೂ ಅಂಡಾಶಯದ ಕ್ಯಾನ್ಸರಿನ ಸಾವು ಗಮನಾರ್ಹವಾಗಿ ಇಳಿಯಲಿಲ್ಲ. ಇದಕ್ಕೆ ಎದುರಾಗಿ, ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಮುಂಬೈಯ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ನಡೆಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಗರ್ಭಕೊರಳಿಗೆ ಅಸಿಟಿಕ್ ಆಮ್ಲ ಹಚ್ಚಿ ಕಣ್ಣಿನಿಂದ ನೋಡುವ ಪರೀಕ್ಷೆ ಗರ್ಭಕೊರಳಿನ ಕ್ಯಾನ್ಸರಿನ ಸಾವನ್ನು ಶೇ. 31ರಷ್ಟು ಇಳಿಸಿತು. ಅಲ್ಲಿ ಕ್ಯಾನ್ಸರ್ ಆಗುವ ಮುಂಚಿನ ಹಂತವೇ ಕಣ್ಣಿಗೆ ಬೀಳುತ್ತದೆ, ಚಿಕಿತ್ಸೆಯೂ ಸರಳ. ಸ್ಕ್ರೀನಿಂಗ್ ಪರೀಕ್ಷೆಯನ್ನು ಯಂತ್ರದ ಬೆಲೆಯಿಂದಲ್ಲ, ಅದು ಉಳಿಸಿದ ಜೀವಗಳಿಂದ ಅಳೆಯಬೇಕೆಂದು ನಾನು ನಂಬಿರುವುದು ಇದರಿಂದಲೇ.

ಸಿಎ-125 ನಿಜವಾಗಿ ನೆರವಾಗುವುದು ಚಿಕಿತ್ಸೆಯ ಅನುಸರಣೆಯಲ್ಲಿ. ಕೀಮೋ ನಡೆಯುವಾಗ ಅದೇ ರೋಗಿಯ ಮಟ್ಟ ಇಳಿಯುತ್ತಿದೆಯೇ, ಮತ್ತೆ ಏರಿತೇ ಎಂದು ನೋಡುತ್ತಾರೆ. ಬೇರೆ ಬೇರೆ ಕಂಪನಿಗಳ ಕಿಟ್‌ಗಳು ಒಂದೇ ಸ್ಯಾಂಪಲ್‌ಗೆ ಬೇರೆ ಬೇರೆ ಅಂಕಿ ಕೊಡಬಹುದಾದ್ದರಿಂದ, ಪ್ರತಿ ಸಲವೂ ಒಂದೇ ವಿಧಾನದಲ್ಲಿ ಅಳೆಸಬೇಕು ಮತ್ತು ವಿಧಾನದ ಹೆಸರನ್ನು ವರದಿಯಲ್ಲಿ ಬರೆಯಬೇಕು.