ಡಿಎಂಝಡ್ ಅಂದರೆ ಜಗಲಿ, ತೆಗೆದಿಟ್ಟ ಬಾಗಿಲಲ್ಲ

"ಹೊರಗಿಂದ ಮೇಲ್ ಬರ್ತಿರಲಿಲ್ಲ ಸಾರ್. ಸರ್ವರ್‌ನ ಡಿಎಂಝಡ್‌ಗೆ ಹಾಕ್ಬಿಟ್ಟೆ. ಈಗ ಎಲ್ಲಾ ಬರ್ತಿದೆ."

ಹೋದ ತಿಂಗಳು ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಕೇಳಿದ ಮಾತು. ಹೇಳಿದ ಹುಡುಗ ಕೆಲಸಗಳ್ಳನಲ್ಲ. ರ‍್ಯಾಕಿನಲ್ಲಿದ್ದ ಒಂದೊಂದು ಕೇಬಲ್‌ಗೂ ಲೇಬಲ್ ಅಂಟಿಸಿದ್ದ. ಆದರೆ "ಎಲ್ಲಾ ಬರ್ತಿದೆ" ಅನ್ನುವುದು ಅವನು ಅಂದುಕೊಂಡದ್ದಕ್ಕಿಂತ ಜಾಸ್ತಿ ನಿಜವಾಗಿತ್ತು. ಮೇಲ್ ಬರುತ್ತಿತ್ತು. ಅದರ ಜೊತೆಗೆ ಅಡ್ಮಿನಿಸ್ಟ್ರೇಟರ್ ಹೆಸರಿನಲ್ಲಿ ಒಳಗೆ ನುಗ್ಗಲು ನೋಡುವವರೂ ಬರುತ್ತಿದ್ದರು. ಸರ್ವರ್‌ನ ಈವೆಂಟ್ ಲಾಗ್ ತೆರೆದರೆ ಪುಟಗಟ್ಟಲೆ 4625. ವಿಂಡೋಸ್‌ನಲ್ಲಿ ಅದು ಲಾಗಿನ್ ವಿಫಲವಾದದ್ದರ ನಂಬರು.

ಈ ಪದ ಹೀಗೆ ಬಳಕೆಯಾಗುವುದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಕೊಟೇಷನ್‌ಗಳಲ್ಲಿ "ಡಿಎಂಝಡ್ ಎನೇಬಲ್ ಮಾಡುವುದು" ಅಂತ ಒಂದು ಸಾಲು ಇರುತ್ತದೆ, ಅದಕ್ಕೆ ಬೇರೆ ರೇಟು. ಮೇಲ್ ಬರಲಿಲ್ಲವೇ, ಡಿಎಂಝಡ್. ವೆಬ್‌ಸೈಟ್ ತೆರೆಯಲಿಲ್ಲವೇ, ಡಿಎಂಝಡ್. ಜ್ವರಕ್ಕೂ ಅದೇ ಮಾತ್ರೆ, ಕಾಲುನೋವಿಗೂ ಅದೇ ಮಾತ್ರೆ. ಆದ್ದರಿಂದ ಈ ಒಂದು ಪದದ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಅದಕ್ಕೆ ಮುಂಚೆ ಎರಡು ಮಾತು: ಫೈರ್‌ವಾಲ್ ಅಂದರೆ ಏನು ಬರಬಹುದು, ಏನು ಹೋಗಬಹುದು ಅಂತ ನೋಡುವ ನೆಟ್‌ವರ್ಕಿನ ಕಾವಲುಗಾರ. ಪೋರ್ಟ್ ಅಂದರೆ ಮೆಷೀನಿನಲ್ಲಿ ಒಂದೊಂದು ಕೆಲಸಕ್ಕೂ ಇರುವ ನಂಬರಿನ ಬಾಗಿಲು.

ಡಿಎಂಝಡ್ ಅಂದರೆ ಡಿಮಿಲಿಟರೈಸ್ಡ್ ಝೋನ್. ನೆಟ್‌ವರ್ಕಿನಲ್ಲಿ ಅದು ಹೊರಗಿನ ಇಂಟರ್‌ನೆಟ್‌ಗೂ ಒಳಗಿನ ಆಫೀಸಿಗೂ ನಡುವೆ ಸರ್ವರ್‌ಗಳಿಗಾಗಿ ಇಡುವ ಬೇರೆ ಜಾಗ. ಕನ್ನಡ ಪತ್ರಿಕೆಗಳು "ಸೇನಾಮುಕ್ತ ವಲಯ" ಅಂತ ಬರೆಯುತ್ತವೆ. ಬೆಂಗಳೂರಿನವರಿಗೆ ಇನ್ನೂ ಹತ್ತಿರದ ಪದ ಇದೆ: ದಂಡು. ಕಂಟೋನ್ಮೆಂಟ್ ಸ್ಟೇಷನ್ನಿನ ಹಳದಿ ಬೋರ್ಡ್ ನೋಡಿ, ಕನ್ನಡದಲ್ಲಿ "ಬೆಂಗಳೂರು ದಂಡು" ಅಂತಲೇ ಇದೆ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಲ್ಲಿದ್ದ ಪಡೆಯನ್ನು ಎತ್ತಿಕೊಂಡು ಇಲ್ಲಿಗೆ ಬಂದರು. ಆ ಕಡೆ ದಂಡು, ಈ ಕಡೆ ಪೇಟೆ. 1949ರಲ್ಲಿ ಎರಡೂ ಸೇರಿ ಒಂದೇ ಪಾಲಿಕೆ ಆಗುವವರೆಗೆ ಆಡಳಿತವೂ ಬೇರೆ ಬೇರೆ. ನಡುವೆ ಕಬ್ಬನ್ ಪಾರ್ಕ್. ಪಾರ್ಕಿಗೆ ಯಾರು ಯಾವ ಕಡೆಯಿಂದ ಬಂದರೂ, ಇನ್ನೊಂದು ಕಡೆಯವರ ಮನೆಯೊಳಗೆ ಬಂದ ಹಾಗಾಗುವುದಿಲ್ಲ. ಇಷ್ಟು ನೆನಪಿಟ್ಟುಕೊಂಡರೆ ಪದದ ಅರ್ಧ ಅರ್ಥ ಸಿಕ್ಕಿದ ಹಾಗೆ.

ಇನ್ನರ್ಧ ಕೊರಿಯಾದಲ್ಲಿದೆ. ಡಿಎಂಝಡ್ ಅಂದ ಕೂಡಲೇ ಪ್ರಪಂಚಕ್ಕೆ ನೆನಪಾಗುವುದು ಅದೇ. 1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿತ್ತು. ರೇಖೆಯಿಂದ ಆಚೆಯವರು 2 ಕಿ.ಮೀ. ಹಿಂದೆ, ಈಚೆಯವರು 2 ಕಿ.ಮೀ. ಹಿಂದೆ. ನಡುವೆ 4 ಕಿ.ಮೀ. ಅಗಲದ, ಸುಮಾರು 250 ಕಿ.ಮೀ. ಉದ್ದದ ಪಟ್ಟಿ ಉಳಿಯಿತು. ಕಾಗದದ ಮೇಲೆ ಅಲ್ಲಿ ದಂಡಿಲ್ಲ. ಹಾಗಂತ ಯಾರು ಬೇಕಾದರೂ ನಡೆದುಕೊಂಡು ಹೋಗಿಬರುವ ಜಾಗವೇ ಅದು? ಎರಡೂ ಅಂಚಿನಲ್ಲಿ ಮುಳ್ಳುತಂತಿ, ಕಾವಲುಗೋಪುರ. ನೆಲದಲ್ಲಿ ಮೈನ್‌ಗಳು. ಪ್ರಪಂಚದಲ್ಲಿ ಅತಿ ಬಿಗಿ ಕಾವಲಿರುವ ಗಡಿಗಳಲ್ಲಿ ಅದೂ ಒಂದು.

ನನಗೆ ಇಷ್ಟವಾದ ವಿಷಯ ಬೇರೆ. ಆ ಪಟ್ಟಿಯ ದಕ್ಷಿಣ ಭಾಗದಲ್ಲಿ ಡೇಸಾಂಗ್‌ಡಾಂಗ್ ಅಂತ ಒಂದು ಹಳ್ಳಿ ಇದೆ. ಜನ ಅಲ್ಲೇ ಇದ್ದಾರೆ, ಭತ್ತ ಬೆಳೆಯುತ್ತಾರೆ. ಆದರೆ ರಾತ್ರಿ ಕರ್ಫ್ಯೂ. ನೆಂಟರು ಬರಬೇಕೆಂದರೂ ಅನುಮತಿ. ನಿಮ್ಮ ಮೇಲ್ ಸರ್ವರ್, ವೆಬ್ ಸರ್ವರ್ ಎರಡೂ ಆ ಹಳ್ಳಿಯವರು. ಎರಡು ಬೇಲಿಗಳ ನಡುವೆ ಬದುಕು, ಎರಡೂ ಕಡೆಯಿಂದ ಕಣ್ಣು.

ಗೊಂದಲ ಶುರುವಾಗುವುದು "ಡಿ" ಅನ್ನುವ ಆ ಒಂದಕ್ಷರದಲ್ಲಿ. ದಂಡಿಲ್ಲ ಅಂದರೆ ಕಾವಲಿಲ್ಲ, ಕಾವಲಿಲ್ಲ ಅಂದರೆ ಎಲ್ಲಾ ಬಾಗಿಲೂ ತೆಗೆದಿದೆ ಅಂತ ಓದಿಕೊಳ್ಳುತ್ತಾರೆ. ಮನೆಗೆ ಹಾಕುವ ರೂಟರ್ ಮಾಡುವವರು ಈ ತಪ್ಪು ಓದಿಗೆ ಮುದ್ರೆ ಒತ್ತಿಬಿಟ್ಟರು. ರೂಟರ್‌ನ ಸೆಟ್ಟಿಂಗ್‌ನಲ್ಲಿ "ಡಿಎಂಝಡ್ ಹೋಸ್ಟ್" ಅಂತ ಒಂದು ಖಾಲಿ ಜಾಗ ಇರುತ್ತದೆ. ಅಲ್ಲಿ ಒಂದು ಐಪಿ (ನೆಟ್‌ವರ್ಕಿನಲ್ಲಿ ಮೆಷೀನಿನ ವಿಳಾಸ) ಬರೆದು ಸೇವ್ ಒತ್ತಿದರೆ, ಹೊರಗಿಂದ ಬರುವ, ಬೇರೆ ಯಾರಿಗೂ ಸೇರದ ಎಲ್ಲಾ ಕನೆಕ್ಷನ್ನೂ ಆ ಒಂದು ಮೆಷೀನಿಗೆ ಹೋಗುತ್ತದೆ. ಮೇಲ್‌ಗೆ ಪೋರ್ಟ್ 25 ಬೇಕಿತ್ತು, ವೆಬ್‌ಸೈಟ್‌ಗೆ 443 ಬೇಕಿತ್ತು. ಸಿಕ್ಕಿದ್ದು 65,535 ಪೋರ್ಟ್. ಮನೆಯಲ್ಲಿ ಗೇಮ್ ಕನ್ಸೋಲ್‌ಗೆ ಹಾಕಿಕೊಂಡರೆ ನಡೆಯುತ್ತದೆ, ಬಿಡಿ. ಕಾರ್ಖಾನೆಯ ಸರ್ವರ್‌ಗೆ?

ಇನ್ನೂ ಕೆಟ್ಟದ್ದು ಅದಲ್ಲ. ಪೀಣ್ಯದಲ್ಲಿ ಸರ್ವರ್‌ನ ಐಪಿ 192.168.1.10. ಅಕೌಂಟ್ಸ್‌ನವರ ಟ್ಯಾಲಿ ಮೆಷೀನ್ 192.168.1.20. ಒಂದೇ ಸ್ವಿಚ್ಚು (ನೆಟ್‌ವರ್ಕ್ ಕೇಬಲ್‌ಗಳನ್ನು ಸೇರಿಸುವ ಪೆಟ್ಟಿಗೆ), ಒಂದೇ ನೆಟ್‌ವರ್ಕು. ಇವೆರಡು ಮಾತಾಡಿಕೊಂಡರೆ ಆ ಮಾತು ಸ್ವಿಚ್ಚಿನಲ್ಲೇ ಮುಗಿಯುತ್ತದೆ. ಫೈರ್‌ವಾಲ್‌ವರೆಗೆ ಬರುವುದೇ ಇಲ್ಲ. ಅಂದರೆ ಸರ್ವರ್ ಯಾರದೋ ಕೈಗೆ ಹೋದರೆ, ಅಲ್ಲಿಂದ ಟ್ಯಾಲಿಗೆ ಹೋಗುವ ದಾರಿಯಲ್ಲಿ ಕೇಳುವವರೇ ಇಲ್ಲ. ಡಿಎಂಝಡ್ ಅನ್ನುವ ಹೆಸರಿಟ್ಟುಕೊಂಡು ಡಿಎಂಝಡ್ ತಡೆಯಬೇಕಾದ ಆ ಒಂದು ವಿಷಯವನ್ನೇ ಈ ಸೆಟ್ಟಿಂಗ್ ತಡೆಯುವುದಿಲ್ಲ.

ಹಾಗಾದರೆ ಸರಿಯಾದ ಅರ್ಥ ಏನು? ನಾನು ಹುಡುಗರಿಗೆ ಹೇಳಿಕೊಡುವಾಗ ಬಳಸುವ ಪದ "ಜಗಲಿ". ಮಾಗಡಿ ಕಡೆ ನಮ್ಮ ಅಜ್ಜಿ ಮನೆಗೆ ಉದ್ದಕ್ಕೂ ಜಗಲಿ ಇತ್ತು. ಅಂಚೆಯವನು ಅಲ್ಲಿ ಕೂತು ಕಾಗದ ಕೊಡುತ್ತಿದ್ದ. ಬಳೆಗಾರ ಅಲ್ಲೇ ಮಲಾರ ಬಿಚ್ಚುತ್ತಿದ್ದ. ದಾರಿಹೋಕರಿಗೆ ನೀರು ಬೆಲ್ಲ ಅಲ್ಲಿಗೇ ಬರುತ್ತಿತ್ತು. ಅಂಚೆಯವನನ್ನು ಅಡುಗೆಮನೆಗೆ ಕರೆದದ್ದು ನಾನಂತೂ ನೋಡಿಲ್ಲ. ಅದು ಅವಮಾನವೂ ಅಲ್ಲ, ಅನುಮಾನವೂ ಅಲ್ಲ. ಮನೆ ಕಟ್ಟಿದ ರೀತಿಯೇ ಹಾಗೆ. ಜಗಲಿ ಬೀದಿಯೂ ಅಲ್ಲ, ಒಳಮನೆಯೂ ಅಲ್ಲ, ಮೂರನೆಯ ಜಾಗ. ಮುಖ್ಯವಾದ ಮಾತೆಂದರೆ, ಜಗಲಿಯಿಂದ ನಡುಮನೆಗೆ ಹೋಗುವ ಬಾಗಿಲಿನ ಚಿಲಕ ಇರುವುದು ಒಳಗಡೆ. ಅಜ್ಜಿ ಬಾಗಿಲು ತೆಗೆದು ಹೊರಗೆ ಬಂದು ಮಾತಾಡಬಹುದು, ಕೇಳಿದ್ದಕ್ಕೆ ಜಗಲಿಯವನು ಉತ್ತರ ಹೇಳಬಹುದು. ಅವನಾಗಿ ಬಾಗಿಲು ತೆಗೆಯಲು ಆಗುವುದಿಲ್ಲ. ಸ್ಟೇಟ್‌ಫುಲ್ ಫೈರ್‌ವಾಲ್ ಮಾಡುವುದು ಇಷ್ಟನ್ನೇ. ಮಾತು ಶುರು ಮಾಡಿದವರು ಯಾರು ಅನ್ನುವುದನ್ನು ನೆನಪಿಟ್ಟುಕೊಳ್ಳುತ್ತದೆ.

"ಅಷ್ಟೆಲ್ಲಾ ಯಾಕೆ ಸಾರ್, ಬೇಕಾದ ಪೋರ್ಟ್ ಮಾತ್ರ ಫಾರ್ವರ್ಡ್ ಮಾಡಿದರೆ ಸಾಕಲ್ವಾ?" ಅಂತ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಸಾಲದು. ಯಾಕೆಂದರೆ ತೊಂದರೆ ಬರುವುದು ಮುಚ್ಚಿದ ಪೋರ್ಟ್‌ನಿಂದ ಅಲ್ಲ, ನಾವೇ ತೆಗೆದ ಪೋರ್ಟ್‌ನಿಂದ. 443 ತೆಗೆಯದೆ ವೆಬ್‌ಸೈಟ್ ಇಲ್ಲ. ಆ ವೆಬ್‌ಸೈಟಿನಲ್ಲಿ ಮೂರು ವರ್ಷದಿಂದ ಅಪ್‌ಡೇಟ್ ಮಾಡದ ಒಂದು ಪ್ಲಗಿನ್ ಇದ್ದರೆ ಸಾಕು, ಕಳ್ಳ ಟಿಕೆಟ್ ತಗೊಂಡೇ ಒಳಗೆ ಬರುತ್ತಾನೆ. ಡಿಎಂಝಡ್ ಇರುವುದು ಸರ್ವರ್ ಬೀಳದಿರಲಿ ಅಂತಲ್ಲ. ಒಂದಲ್ಲ ಒಂದು ದಿನ ಬೀಳುತ್ತದೆ, ಆಗ ಅದು ಒಂದೇ ಬೀಳಲಿ ಅಂತ.

ಪೀಣ್ಯದಲ್ಲಿ ಹಳೆಯ ರೂಟರ್ ತೆಗೆದು ಪಿಎಫ್‌ಸೆನ್ಸ್ ಅನ್ನುವ ಫೈರ್‌ವಾಲ್ ಸಾಫ್ಟ್‌ವೇರ್ ಇರುವ ಪುಟ್ಟ ಪೆಟ್ಟಿಗೆ ಹಾಕಿದೆವು. ಕೇಬಲ್ ಚುಚ್ಚುವ ನೆಟ್‌ವರ್ಕ್ ಪೋರ್ಟ್ ಮೂರು ಇದ್ದರೆ ಸಾಕು: ಒಂದು ಹೊರಗೆ, ಒಂದು ಒಳಗೆ, ಒಂದು ಜಗಲಿ. ಸರ್ವರ್‌ಗೆ ಬೇರೆ ಸ್ವಿಚ್ಚು, ಬೇರೆ ನೆಟ್‌ವರ್ಕು, ಹೊಸ ಐಪಿ 192.168.50.10. ಹೊರಗಿಂದ ಜಗಲಿಗೆ 25, 80, 443. ಮನೆಯಿಂದ ಮೊಬೈಲಿನಿಂದ ಮೇಲ್ ನೋಡುವವರಿಗಾಗಿ 587 ಮತ್ತು 993. ರಿಮೋಟ್ ಡೆಸ್ಕ್‌ಟಾಪ್‌ನ 3389 ಹೊರಗಿನವರಿಗೆ ಇಲ್ಲವೇ ಇಲ್ಲ. 4625ರ ಸಾಲುಗಳು ಅವತ್ತೇ ನಿಂತವು.

ಇಲ್ಲಿಯವರೆಗೆ ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ಕಾಲು ಜಾರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಪಿಎಫ್‌ಸೆನ್ಸ್‌ನಲ್ಲಿ ಲ್ಯಾನ್‌ಗೆ, ಅಂದರೆ ಒಳಗಿನ ನೆಟ್‌ವರ್ಕಿಗೆ, ಮೊದಲೇ ಒಂದು "ಪಾಸ್" ರೂಲ್ ಇರುತ್ತದೆ. ಹೊಸದಾಗಿ ಸೇರಿಸಿದ ಇಂಟರ್‌ಫೇಸ್‌ಗೆ, ಅಂದರೆ ನಮ್ಮ ಜಗಲಿಗೆ, ಯಾವ ರೂಲೂ ಇರುವುದಿಲ್ಲ, ಹಾಗಾಗಿ ಅಲ್ಲಿಂದ ಏನೂ ಹೊರಡುವುದಿಲ್ಲ. ಸರ್ವರ್‌ಗೆ ಅಪ್‌ಡೇಟ್ ಇಲ್ಲ, ಸೈಟಿನ ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್ ಇಲ್ಲ, ಮೇಲ್ ಹೊರಗೆ ಹೋಗುವುದಿಲ್ಲ. ಫೋನ್ ಮೇಲೆ ಫೋನ್. ಆಗ ಲ್ಯಾನ್‌ನ ರೂಲನ್ನೇ ಕಾಪಿ ಮಾಡಿ ಜಗಲಿಗೂ ಹಾಕುತ್ತಾರೆ. ಎಲ್ಲಿಂದ: ಡಿಎಂಝಡ್ ನೆಟ್. ಎಲ್ಲಿಗೆ: ಎನಿ. ಇಂಟರ್‌ನೆಟ್ ಬಂತು, ಎಲ್ಲರೂ ಖುಷಿ.

ಈ "ಎನಿ"ಯನ್ನು "ಇಂಟರ್‌ನೆಟ್" ಅಂತ ಓದಿಕೊಳ್ಳುತ್ತಾರೆ ನೋಡಿ, ಅಲ್ಲೇ ಎಡವಟ್ಟು. ಎನಿ ಅಂದರೆ ಎನಿ. 192.168.1.20ರ ಟ್ಯಾಲಿಯೂ ಎನಿಯೊಳಗೆ ಬಂತು. ಫೈರ್‌ವಾಲ್‌ನ ಅಡ್ಮಿನ್ ಪೇಜೂ ಬಂತು. ಎರಡು ಸ್ವಿಚ್ಚು, ಎರಡು ನೆಟ್‌ವರ್ಕು, ಎಳೆದ ಕೇಬಲ್ಲು ಎಲ್ಲಾ ಸುಮ್ನೆ. ಜಗಲಿ ಕಟ್ಟಿ, ನಡುಬಾಗಿಲಿನ ಚಿಲಕ ಹೊರಗಡೆಗೆ ಹಾಕಿಸಿದ ಹಾಗೆ. ನಾನೂ ಒಂದು ಸಲ ಇದನ್ನೇ ಮಾಡಿದ್ದೆ. ಹೊರಡುವ ಮುಂಚೆ ಸರ್ವರ್‌ನಲ್ಲಿ ಕೂತು ಸುಮ್ನೆ ಒಳಗಿನ ಒಂದು ಪ್ರಿಂಟರ್‌ಗೆ "ಇದ್ದೀಯಾ" ಅಂತ ಕೇಳುವ ಪಿಂಗ್ ಕೊಟ್ಟೆ. ಅದು ಲಕ್ಷಣವಾಗಿ ಉತ್ತರ ಕೊಟ್ಟಿತು. ಆ ಉತ್ತರ ನೋಡಿ ಹೊಟ್ಟೆಯಲ್ಲಿ ಒಂಥರಾ ಆಯಿತು.

ಪಿಎಫ್‌ಸೆನ್ಸ್ ರೂಲ್‌ಗಳನ್ನು ಮೇಲಿನಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ್ದಕ್ಕೇ ನಿಲ್ಲುತ್ತದೆ. ಹಾಗಾಗಿ ಮೊದಲು ಡಿಎನ್‌ಎಸ್‌ಗೆ ಮಾತ್ರ ದಾರಿ. ಅದರ ಕೆಳಗೆ ಜಗಲಿಯಿಂದ ಒಳಮನೆಗೆ ಬ್ಲಾಕ್, ಜಗಲಿಯಿಂದ ಫೈರ್‌ವಾಲ್‌ಗೆ ಬ್ಲಾಕ್. ಇವೆಲ್ಲ ಆದಮೇಲೆ ಹೊರಗಿನ ಪ್ರಪಂಚಕ್ಕೆ ಪಾಸ್. ಈ ಸಾಲುಗಳು ಮೇಲೆ ಕೆಳಗೆ ಆದರೆ ಬ್ಲಾಕ್ ಇದ್ದೂ ಇಲ್ಲದ ಹಾಗೆ. ಹೊರಗೆ ಹೋಗುವ 25 ಮೇಲ್ ಸರ್ವರ್‌ಗೆ ಮಾತ್ರ, ಬೇರೆ ಯಾವ ಮೆಷೀನಿಗೂ ಬೇಡ. ಒಂದು ಲ್ಯಾಪ್‌ಟಾಪ್‌ಗೆ ವೈರಸ್ ಹೊಕ್ಕು ಸ್ಪ್ಯಾಮ್ ಕಳಿಸಿದರೆ ಇಡೀ ಆಫೀಸಿನ ಐಪಿ ಬ್ಲ್ಯಾಕ್‌ಲಿಸ್ಟ್ ಸೇರುತ್ತದೆ. ಆಮೇಲೆ ಗಿರಾಕಿಗೆ ಕಳಿಸಿದ ಇನ್‌ವಾಯ್ಸ್ ಕೂಡ ವಾಪಸ್ ಬರುತ್ತದೆ. 

ನಾವು ಬರೆದ ಬ್ಲಾಕ್ ರೂಲ್‌ಗಳಲ್ಲಿ ಲಾಗ್ ಮಾಡುವ ಆಯ್ಕೆಗೆ ಟಿಕ್ ಹಾಕಿಟ್ಟರೆ ಬ್ಲಾಕ್ ಆದದ್ದೆಲ್ಲ ಲಾಗ್‌ನಲ್ಲಿ ಬರುತ್ತದೆ. ಹೊರಗಿಂದ ಬಂದು ತಟ್ಟುವವರ ಸಾಲು ದಿನಕ್ಕೆ ಸಾವಿರಾರು, ಅದನ್ನು ಓದುತ್ತಾ ಕೂತರೆ ಬೇರೆ ಕೆಲಸ ಆಗುವುದಿಲ್ಲ. ಜಗಲಿಯಿಂದ ಒಳಬಾಗಿಲು ತಟ್ಟಿದ ಸಾಲು ಮಾತ್ರ ಒಂದೇ ಇದ್ದರೂ ನೋಡಬೇಕು. ಅಲ್ಲಿಂದ ಯಾರೂ ತಟ್ಟುವ ಕಾರಣವೇ ಇಲ್ಲವಲ್ಲ.

ಎರಡು ದಿನ ಬಿಟ್ಟು ಹುಡುಗ ಫೋನ್ ಮಾಡಿದ. ದನಿಯಲ್ಲಿ ಗಾಬರಿ. "ಸಾರ್, ಜಗಲಿಯಿಂದ ಒಳಗೆ ಹೊಡೀತಿದೆ. ರಾತ್ರಿ ಒಂದೂವರೆಗೆ. ನಿನ್ನೆಯೂ ಅದೇ ಟೈಮು." ಸ್ಕ್ರೀನ್‌ಶಾಟ್ ತರಿಸಿಕೊಂಡು ನೋಡಿದೆ. 192.168.50.10ರಿಂದ 192.168.1.30, ಪೋರ್ಟ್ 445, ಅಂದರೆ ವಿಂಡೋಸ್‌ನ ಫೈಲ್ ಹಂಚಿಕೆಯದು.

"ಮೂವತ್ತು ಯಾವ್ದಪ್ಪಾ?"

ಸ್ವಲ್ಪ ಹೊತ್ತು ಸದ್ದಿಲ್ಲ. "ನ್ಯಾಸ್ ಸಾರ್. ಬ್ಯಾಕಪ್‌ದು."

ಸರ್ವರ್ ರಾತ್ರಿ ಒಂದೂವರೆಗೆ ತನ್ನ ಬ್ಯಾಕಪ್ಪನ್ನು ಒಳಗಿನ ಡಿಸ್ಕಿಗೆ ಬರೆಯುತ್ತಿತ್ತು. ಮುಂಚೆ ಒಂದೇ ನೆಟ್‌ವರ್ಕ್ ಇದ್ದಾಗ ನಡೆಯುತ್ತಿತ್ತು, ಈಗ ಚಿಲಕ ಹಾಕಿದೆ. "ಅದೊಂದಕ್ಕೆ ರೂಲ್ ಬಿಟ್ಟುಬಿಡ್ಲಾ ಸಾರ್?" ಅಂದ. ಬೇಡ ಅಂದೆ. ಸರ್ವರ್ ಹಿಡಿದವನು ಆ ದಾರಿಯಲ್ಲೇ ಹೋಗಿ ಬ್ಯಾಕಪ್ಪನ್ನೂ ಅಳಿಸಿ ಬರುತ್ತಾನೆ. ದಿಕ್ಕು ತಿರುಗಿಸಿದೆವು. ಈಗ ಒಂದೂವರೆಗೆ ನ್ಯಾಸ್ ತಾನೇ ಜಗಲಿಗೆ ಬಂದು ಫೈಲ್ ಎತ್ತಿಕೊಂಡು ಒಳಗೆ ಹೋಗುತ್ತದೆ.