ಕಟ್ಟಡಗಳಿಗೂ ಒಂದು ಮನೆ: ವಾಸ್ತುಶಿಲ್ಪ ಕೇಂದ್ರಗಳು ನಡೆದು ಬಂದ ದಾರಿ

ಸಾರ್ವಜನಿಕರಿಗಾಗಿ ಒಂದು ವಾಸ್ತುಶಿಲ್ಪ ಕೇಂದ್ರ ಬೇಕು ಎಂದರೆ ಬೇಡ ಎನ್ನುವವರು ಕಡಿಮೆ. ಗೊಂದಲ ಶುರುವಾಗುವುದು ಒಪ್ಪಿಗೆ ಸಿಕ್ಕ ಮೇಲೆ. ಇತಿಹಾಸಕಾರರ ಕಣ್ಣಿಗೆ ಅದು ಹಳೆಯ ನಕ್ಷೆಗಳನ್ನು ಕಾಪಿಡುವ ಪತ್ರಾಗಾರ. ವಾಸ್ತುಶಿಲ್ಪಿಗಳ ಸಂಘಕ್ಕೆ ತಮ್ಮವರ ಕೆಲಸ ತೋರಿಸುವ ಗ್ಯಾಲರಿ. ನಗರಾಡಳಿತಕ್ಕೆ ಮುಂದಿನ ಯೋಜನೆಗಳ ಮಾದರಿ ಇಡುವ ಸಭಾಂಗಣ. ಮೇಷ್ಟ್ರುಗಳಿಗೆ ಮಕ್ಕಳು ರಟ್ಟು, ಕತ್ತರಿ ಹಿಡಿದು ಕೂರುವ ಕೋಣೆ. ನಾಲ್ಕಕ್ಕೂ ಜಗತ್ತಿನಲ್ಲಿ ಪೂರ್ವನಿದರ್ಶನ ಇರುವುದರಿಂದ ಪ್ರತಿಯೊಬ್ಬರೂ ತಮ್ಮದೇ ಸರಿ ಎಂದು ವಾದಿಸಬಲ್ಲರು.

ಮೂಲ ತೊಡಕು ಹಳೆಯದೇ. ಚಿತ್ರವನ್ನು ಗೋಡೆಗೆ ತೂಗುಹಾಕಬಹುದು, ಕಟ್ಟಡವನ್ನು ಒಳಗೆ ತರುವುದು ಹೇಗೆ? ಲಂಡನ್ನಿನ ವಾಸ್ತುಶಿಲ್ಪಿ ಜಾನ್ ಸೋನ್ ತನ್ನ ಮನೆಯನ್ನೇ ಸಂಗ್ರಹಾಲಯ ಮಾಡಿ, 1833ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಅದನ್ನು ಮುಂದಿನವರಿಗೆ ಉಳಿಸಿದ. ಈಗಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 1873ರಲ್ಲಿ ಆರಂಭಿಸಿದ ಛಾವಣಿಯ ಅಂಗಣಗಳಲ್ಲಿ ಸ್ಮಾರಕಗಳ ಪ್ಲಾಸ್ಟರ್ ಅಚ್ಚುಗಳನ್ನು ನಿಲ್ಲಿಸಿತು. ರೋಮಿನ ಟ್ರಾಜನ್ ಸ್ತಂಭದ ಅಚ್ಚು ಛಾವಣಿಗಿಂತ ಎತ್ತರ, ಹಾಗಾಗಿ ಅದು ಇವತ್ತಿಗೂ ಎರಡು ತುಂಡಾಗಿ ಅಕ್ಕಪಕ್ಕದಲ್ಲಿ ನಿಂತಿದೆ. ಪ್ಯಾರಿಸ್ 1882ರಲ್ಲಿ ಇದೇ ದಾರಿ ಹಿಡಿಯಿತು. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ 1932ರ ಪ್ರದರ್ಶನದಲ್ಲಿ ಫೋಟೊ, ಮಾದರಿಗಳನ್ನಿಟ್ಟು ಆಧುನಿಕ ವಾಸ್ತುಶಿಲ್ಪಕ್ಕೆ ಒಂದು ಶೈಲಿಯ ಮುದ್ರೆ ಒತ್ತಿತು. ವಾಸ್ತುಶಿಲ್ಪಕ್ಕೇ ಮೀಸಲಾದ ಸಂಸ್ಥೆಗಳಲ್ಲಿ ಮೊದಲಿನವುಗಳಲ್ಲೊಂದು ಹೆಲ್ಸಿಂಕಿಯ ಮ್ಯೂಸಿಯಂ, 1956ರದು.

ನಿಜವಾದ ಭರಾಟೆ ಬಂದದ್ದು 1970ರ ದಶಕದ ಕೊನೆಗೆ. ಯುದ್ಧಾನಂತರದ ನಗರ ನವೀಕರಣದ ಹೆಸರಿನಲ್ಲಿ ಹಳೆಯ ಬೀದಿಗಳು ನೆಲಸಮವಾಗಿದ್ದನ್ನು ಜನ ಕಣ್ಣಾರೆ ಕಂಡಿದ್ದರು. ಮುಂದೇನು ಕಟ್ಟುತ್ತೀರಿ, ಯಾಕೆ ಎಂದು ಕೇಳುವ ಜಾಗ ಅವರಿಗೆ ಬೇಕಿತ್ತು. 1979ರಲ್ಲಿ ಹೆಲ್ಸಿಂಕಿಯಲ್ಲಿ ವಾಸ್ತುಶಿಲ್ಪ ಮ್ಯೂಸಿಯಂಗಳ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಅದೇ ವರ್ಷ ಫಿಲಿಸ್ ಲ್ಯಾಂಬರ್ಟ್ ಮಾಂಟ್ರಿಯಲ್‌ನಲ್ಲಿ ಕೆನಡಿಯನ್ ಸೆಂಟರ್ ಫಾರ್ ಆರ್ಕಿಟೆಕ್ಚರ್ ಸ್ಥಾಪಿಸಿದರು. 1984ರಲ್ಲಿ ಫ್ರಾಂಕ್‌ಫರ್ಟ್‌ನ ಮ್ಯೂಸಿಯಂ ಬಾಗಿಲು ತೆರೆಯಿತು. ಅಲ್ಲಿ ಓಸ್ವಾಲ್ಡ್ ಮಥಿಯಾಸ್ ಉಂಗರ್ಸ್ ಹಳೆಯ ಬಂಗಲೆಯೊಂದರ ಒಳಭಾಗವನ್ನು ಪೂರ್ತಿ ತೆಗೆದು, ಅದರೊಳಗೆ ಇನ್ನೊಂದು ಬಿಳಿ ಮನೆಯನ್ನು ನಿಲ್ಲಿಸಿದರು. ಮೇಲಂತಸ್ತಿಗೆ ಹತ್ತಿದರೆ ಇಳಿಜಾರು ಮಾಡಿನ ಪೂರ್ಣ ಮನೆಯೇ ಎದುರಾಗುತ್ತದೆ. ಬಲು ಸೊಗಸಾದ ಪಾಠ ಅದು, ಆದರೆ ಪಕ್ಕದಲ್ಲಿಟ್ಟ ಯಾವ ನಕ್ಷೆಯೂ ಅದರ ಮುಂದೆ ನಿಲ್ಲಲಾರದು.

ಈ ಯಶಸ್ಸಿನಿಂದ ಒಂದು ರೂಢಿ ಬೆಳೆಯಿತು: ವಾಸ್ತುಶಿಲ್ಪ ಕಲಿಸುವ ಸಂಸ್ಥೆಗೆ ಮೊದಲು ಬೇಕಾದದ್ದು ಗಮನ ಸೆಳೆಯುವ ಕಟ್ಟಡ. 1993ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಯೋ ಕೂನನ್ ವಿನ್ಯಾಸದ ನೆದರ್ಲೆಂಡ್ಸ್ ಆರ್ಕಿಟೆಕ್ಚರ್ ಇನ್‌ಸ್ಟಿಟ್ಯೂಟ್ ತಲೆಯೆತ್ತಿತು. ಇಪ್ಪತ್ತು ವರ್ಷಗಳಲ್ಲಿ ಸಾಂಸ್ಕೃತಿಕ ಅನುದಾನ ಕಡಿತವಾಗಿ, 2013ರಲ್ಲಿ ಅದು ವಿನ್ಯಾಸ ಹಾಗೂ ಡಿಜಿಟಲ್ ಸಂಸ್ಕೃತಿಯ ಸಂಸ್ಥೆಗಳೊಂದಿಗೆ ವಿಲೀನಗೊಂಡಿತು. ಕಟ್ಟಡ ಉಳಿಯಿತು, ಪತ್ರಾಗಾರವೂ ಉಳಿಯಿತು, ವಾಸ್ತುಶಿಲ್ಪಕ್ಕೇ ಮೀಸಲು ಎಂಬ ಹಕ್ಕು ಮಾತ್ರ ಹೋಯಿತು.

ಗ್ಲಾಸ್ಗೋದ ‘ಲೈಟ್‌ಹೌಸ್’ ಕಥೆ ಇನ್ನೂ ಕಹಿ. ಸ್ಕಾಟ್ಲೆಂಡಿನ ವಾಸ್ತುಶಿಲ್ಪಿ ಚಾರ್ಲ್ಸ್ ರೆನಿ ಮ್ಯಾಕಿಂತಾಷ್ ತರುಣನಾಗಿದ್ದಾಗ ರೂಪಿಸಿದ ಪತ್ರಿಕಾ ಕಚೇರಿ ಅದು. ಬೆಂಕಿ ಬಿದ್ದರೆ ಆರಿಸಲೆಂದು ನೀರಿನ ತೊಟ್ಟಿ ಇಡಲು ಕಟ್ಟಿದ ಗೋಪುರವನ್ನು ಸುರುಳಿ ಮೆಟ್ಟಿಲಿನ ವೀಕ್ಷಣಾಲಯ ಮಾಡಿ, 1999ರಲ್ಲಿ ಕೇಂದ್ರ ತೆರೆದರು. ನಗರಕ್ಕೆ ಆ ವರ್ಷ ವಾಸ್ತುಶಿಲ್ಪ ಮತ್ತು ವಿನ್ಯಾಸದ ನಗರಿ ಎಂಬ ಬಿರುದಿತ್ತು, ಅದರ ಬೆನ್ನಿಗೆ ಹಣವೂ ಬಂದಿತ್ತು. ಉತ್ಸವದ ಹಣ ಉತ್ಸವದ ಜೊತೆಗೇ ಮುಗಿಯುತ್ತದೆ. ಆಮೇಲೆ ದೀಪ, ಲಿಫ್ಟು, ಕಾವಲು, ಸಂಬಳ ಎಲ್ಲವನ್ನೂ ದುಡಿದೇ ಹೊಂದಿಸಬೇಕು. ಆರ್ಥಿಕ ಹಿಂಜರಿತದ ನಡುವೆ, 2009ರಲ್ಲಿ, ಅದನ್ನು ನಡೆಸುತ್ತಿದ್ದ ಟ್ರಸ್ಟ್ ಕೈಚೆಲ್ಲಿತು. ನಗರಾಡಳಿತ ವಹಿಸಿಕೊಂಡು ಕೆಲಕಾಲ ನಡೆಸಿತು. 2020ರ ಕೊರೊನಾ ಅದಕ್ಕೂ ಬೀಗ ಹಾಕಿತು. ಅನುದಾನ ಕೊಡುವವರಿಗೆ ಉದ್ಘಾಟನೆಯ ಫಲಕ ಬೇಕು, ಹನ್ನೊಂದನೇ ವರ್ಷದ ವಿದ್ಯುತ್ ಬಿಲ್ಲಿನ ಮೇಲೆ ಯಾರ ಹೆಸರನ್ನೂ ಕೆತ್ತುವುದಿಲ್ಲವಲ್ಲ!

ಶಿಕಾಗೋದಲ್ಲಿ ನಡೆದದ್ದು ಇದರ ತಿರುವುಮುರುವು. 1966ರಲ್ಲಿ ಎಚ್. ಎಚ್. ರಿಚರ್ಡ್‌ಸನ್ ವಿನ್ಯಾಸದ ಗ್ಲೆಸ್ನರ್ ಹೌಸ್ ಉರುಳದಂತೆ ತಡೆಯಲು ಒಂದಿಷ್ಟು ಜನ ಸೇರಿದರು. ಮನೆ ಉಳಿಯಿತು. ಗುಂಪು ಅಲ್ಲಿಗೇ ನಿಲ್ಲದೆ ಸ್ವಯಂಸೇವಕರಿಗೆ ತರಬೇತಿ ಕೊಟ್ಟು, ನಡಿಗೆಯ ಮೂಲಕ, ಮುಂದೆ ನದಿಯಲ್ಲಿ ದೋಣಿಯ ಮೂಲಕ ಊರಿನ ಗಗನಚುಂಬಿಗಳನ್ನು ತೋರಿಸತೊಡಗಿತು. ಒಳಗೆ ತರಲಾಗದ ಕಟ್ಟಡದ ಬಳಿಗೆ ಜನರನ್ನೇ ಕರೆದೊಯ್ದರು, ಅಷ್ಟೇ. ಆ ಟಿಕೆಟ್ಟಿನ ದುಡ್ಡೇ ಸಂಸ್ಥೆಯ ಮುಖ್ಯ ಆಧಾರವಾಯಿತು. ಈಗಿನ ಕೇಂದ್ರ 2018ರಲ್ಲಿ ತೆರೆದದ್ದು, ಅದೂ ಇದ್ದ ಕಟ್ಟಡವೊಂದರಲ್ಲಿ ಜಾಗ ಹಿಡಿದು. 1992ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ಓಪನ್ ಹೌಸ್’ಗಂತೂ ತನ್ನದೇ ಪ್ರದರ್ಶನ ಮಂದಿರದ ಹಂಗೂ ಇರಲಿಲ್ಲ. ಸಾಮಾನ್ಯವಾಗಿ ಮುಚ್ಚಿರುವ ಬಾಗಿಲುಗಳನ್ನು ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ತೆರೆಸುವುದೇ ಅದರ ಕೆಲಸ. ಬೇರೆ ಬೇರೆ ದೇಶಗಳ ನಗರಗಳು ಅದನ್ನು ಅನುಸರಿಸಿವೆ.

ಹಾಗೆಂದು ನಾಲ್ಕು ಗೋಡೆ ಬೇಡವೇ ಬೇಡ ಎನ್ನಲೂ ಆಗದು. ಟ್ರೇಸಿಂಗ್ ಕಾಗದದ ಹಳೆಯ ನಕ್ಷೆ ಹಳದಿಯಾಗಿ, ಮಡಿಕೆ ಬಿದ್ದಲ್ಲಿ ಪುಡಿಯಾಗುತ್ತದೆ. ಅದಕ್ಕೆ ತೇವ, ಬೆಳಕು, ಬಿಸಿಯ ಹತೋಟಿ ಇರುವ ಕೋಣೆ ಬೇಕು. ಕಂಪ್ಯೂಟರಿನಲ್ಲೇ ಹುಟ್ಟಿದ ನಕ್ಷೆಗಳ ಪಾಡು ಬೇರೆ: ಫೈಲು ಇದ್ದರೂ ಅದನ್ನು ತೆರೆಯುವ ಸಾಫ್ಟ್‌ವೇರ್ ಇರುವುದಿಲ್ಲ. ಮಾಂಟ್ರಿಯಲ್ ಕೇಂದ್ರ 2013ರಲ್ಲಿ ಆರಂಭಿಸಿದ ‘ಆರ್ಕಿಯಾಲಜಿ ಆಫ್ ದಿ ಡಿಜಿಟಲ್’ ಪ್ರದರ್ಶನ ಸರಣಿ ಈ ಸಮಸ್ಯೆಯನ್ನೇ ಎದುರಿಗಿಟ್ಟಿತು. ಇದು ಜನ ಕಾಣದ, ಟಿಕೆಟ್ ತಾರದ ಕೆಲಸ.

ಹೆಲ್ಸಿಂಕಿಯಲ್ಲಿ ಈಗ ಎಲ್ಲ ಎಳೆಗಳೂ ಒಂದೆಡೆ ಸೇರಿವೆ. ವಾಸ್ತುಶಿಲ್ಪ ಮ್ಯೂಸಿಯಂ 2024ರಲ್ಲಿ ವಿನ್ಯಾಸ ಮ್ಯೂಸಿಯಂ ಜೊತೆ ಒಂದಾಗಿದೆ. ದಕ್ಷಿಣ ಬಂದರಿನ ದಂಡೆಯಲ್ಲಿ ಹೊಸ ಮನೆಗಾಗಿ ಅಂತರರಾಷ್ಟ್ರೀಯ ಸ್ಪರ್ಧೆಯೂ ನಡೆದಿದೆ. ಸ್ಪರ್ಧೆಯ ಚಿತ್ರಗಳನ್ನು ಎಲ್ಲರೂ ನೋಡುತ್ತಾರೆ. ಮಕ್ಕಳಿಗೆ ಪಾಠ ಹೇಳುವವರು ಎಷ್ಟು ಜನ, ಅವರ ಸಂಬಳ ಯಾವ ಖಾತೆಯಿಂದ ಎಂಬುದನ್ನು ತಿಳಿಯಬೇಕಾದರೆ ಇಂಥ ಯಾವುದೇ ಯೋಜನೆಯ ಬಜೆಟ್ ಪುಟಗಳನ್ನೇ ಹುಡುಕಿಕೊಂಡು ಹೋಗಬೇಕು.